ಬ್ರೇಕ್ ಲೇಟಾಗಿ ಹಿಡೀತಿದೆಯಾ? ಪಾರ್ಟ್ ಬದಲಾಯಿಸೋ ಮುಂಚೆ ಪೆಡಲ್ ಏನು ಹೇಳ್ತಿದೆ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ ಇದು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿರೋರಿಗೂ ನಮಸ್ಕಾರ, ಕಾರ್ ಓಡಿಸ್ತಾ ಸ್ಪೀಕರಲ್ಲಿ ಕೇಳ್ತಿರೋರಿಗೂ ನಮಸ್ಕಾರ. ಕಾರ್ ಓಡಿಸ್ತಿರೋರು ಮೊದಲು ರಸ್ತೆ ಕಡೆ ಗಮನ ಕೊಡಿ, ನನ್ನ ಮಾತು ಆಮೇಲೆ. ಯಾಕಂದ್ರೆ ಇವತ್ತಿನ ವಿಷಯ ಬ್ರೇಕ್.

ಒಂದು ಘಟನೆಯಿಂದ ಶುರು ಮಾಡ್ತೀನಿ. ನನ್ನದೇ ಘಟನೆ, ನನ್ನದೇ ತಪ್ಪು.

ಪಿಲ್ಲಗುಂಪೆ ಗೊತ್ತಲ್ಲ, ಹೊಸಕೋಟೆ ಹತ್ತಿರದ ಇಂಡಸ್ಟ್ರಿಯಲ್ ಏರಿಯಾ. ಸಂಜೆ ಶಿಫ್ಟ್ ಬಿಡೋ ಹೊತ್ತಲ್ಲಿ ಅಲ್ಲಿ ರಸ್ತೆ ಹೇಗಿರುತ್ತೆ ಅಂತ ಆ ಕಡೆಯವರಿಗೆ ಗೊತ್ತು. ಕಂಪನಿ ಬಸ್ಸು, ಕಂಟೇನರ್ ಲಾರಿ, ಟಿಪ್ಪರು, ಮಧ್ಯೆ ಬೈಕಲ್ಲಿ ಮೂರ್ ಮೂರ್ ಜನ. ಊಟದ ಬ್ಯಾಗ್ ಹಿಡ್ಕೊಂಡು ರಸ್ತೆ ದಾಟೋ ಹೆಣ್ಣುಮಕ್ಕಳು. ನಾನು ನನ್ನ ಹಳೇ ಪೆಟ್ರೋಲ್ ಕಾರಲ್ಲಿ ಬರ್ತಿದ್ದೆ. ಸ್ಪೀಡ್ ಏನೂ ಜಾಸ್ತಿ ಇರಲಿಲ್ಲ, ಗಂಟೆಗೆ 40 ಕಿಲೋಮೀಟರ್ ಇರಬಹುದು. ನಿಂತಿದ್ದ ಬಸ್ಸಿನ ಮುಂದಿನಿಂದ ಒಬ್ಬ ಅಮ್ಮ ಸಡನ್ನಾಗಿ ರಸ್ತೆಗೆ ಬಂದ್ರು. ಬ್ರೇಕ್ ಒತ್ತಿದೆ. ಪೆಡಲ್ ಕೆಳಗೆ ಹೋಯ್ತು, ಕಾರ್ ಮಾತ್ರ ಮುಂದಕ್ಕೇ ಹೋಗ್ತಿತ್ತು. ಕಾಲು ಎತ್ತಿ ಇನ್ನೊಂದು ಸಲ ಒತ್ತಿದೆ. ಆಗ ಹಿಡೀತು. ಆ ಅಮ್ಮನಿಗೂ ಬಂಪರ್‌ಗೂ ಮಧ್ಯೆ ಒಂದು ಮೊಳ ಜಾಗ ಇತ್ತು.

ಅವರು ಬೈಯಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟು, ಗಾಜಿನೊಳಗಿದ್ದ ನನ್ನ ಮುಖ ನೋಡಿ ಕೇಳಿದ್ರು: "ಯಾಕಪ್ಪಾ, ಬ್ರೇಕ್ ಇಲ್ವಾ ನಿನ್ ಗಾಡೀಲಿ?"

ನಾನು "ಇದೆ ಅಮ್ಮಾ" ಅಂದೆ. ಅಂದ ಮೇಲೆ ಯೋಚನೆ ಶುರುವಾಯ್ತು, ನಿಜವಾಗ್ಲೂ ಇದೆಯಾ? ಯಾಕಂದ್ರೆ ಎರಡು ತಿಂಗಳಿಂದ ನನಗೆ ಗೊತ್ತಿತ್ತು, ಬ್ರೇಕ್ ಸ್ವಲ್ಪ ಲೇಟಾಗಿ ಹಿಡೀತಿದೆ ಅಂತ. ಅಭ್ಯಾಸ ಮಾಡ್ಕೊಂಡಿದ್ದೆ. ಎರಡು ಸಲ ಒತ್ತಿದ್ರೆ ಹಿಡಿಯುತ್ತಲ್ಲ, ಸರ್ವಿಸ್‌ಗೆ ಬಿಟ್ಟಾಗ ಹೇಳೋಣ ಬಿಡು ಅಂತ ಸುಮ್ಮನಿದ್ದೆ. ನಿಮ್ಮಲ್ಲಿ ಎಷ್ಟು ಜನ ಈಗ ಹೀಗೇ ಅಭ್ಯಾಸ ಮಾಡ್ಕೊಂಡಿದ್ದೀರ? ಈ ಸಂಚಿಕೆ ನಿಮಗೆ.

ಅರ್ಧ ಸೆಕೆಂಡ್ ಅಂದ್ರೆ ಎಷ್ಟು ದೂರ?

"ಒಂಚೂರು ಲೇಟು" ಅಂತೀವಲ್ಲ, ಅದನ್ನ ಲೆಕ್ಕ ಹಾಕೋಣ. 40 ಕಿ.ಮೀ. ಸ್ಪೀಡಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತೆ. ಬ್ರೇಕ್ ಅರ್ಧ ಸೆಕೆಂಡ್ ತಡ ಆದ್ರೆ ಐದೂವರೆ ಮೀಟರ್. ಸಣ್ಣ ಕಾರಿನ ಉದ್ದ 4 ಮೀಟರ್ ಒಳಗೆ. ಅಂದ್ರೆ ನೀವು ನಿಲ್ಲಬೇಕಾದ ಜಾಗದಿಂದ ಒಂದು ಕಾರಿನ ಉದ್ದಕ್ಕಿಂತ ಮುಂದೆ ಹೋಗಿರ್ತೀರಿ. 80ರಲ್ಲಿ ಅದೇ ಅರ್ಧ ಸೆಕೆಂಡಿಗೆ 11 ಮೀಟರ್. ಕೋಲಾರದ ಕಡೆ ಹೈವೇಲಿ 100ರಲ್ಲಿ ಹೋಗ್ತಿದ್ರೆ ಸುಮಾರು 14 ಮೀಟರ್. ನಿಮ್ಮ ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಪೆಡಲ್ ಮೇಲೆ ಬರೋಕೆ ಬೇಕಾಗೋ ಟೈಮ್ ಇದರಲ್ಲಿ ಸೇರಿಲ್ಲ. ಅದು ಬೇರೆ.

ಪ್ಯಾಡ್ ಬದಲಾಯಿಸಿದ್ರೂ ಹೋಗದ ಕಾಯಿಲೆ

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ. "ಬ್ರೇಕ್ ಸ್ಲೋ ಆಗಿದೆ" ಅಂದೆ. "ಪ್ಯಾಡ್ ಹೋಗಿರುತ್ತೆ ಸಾರ್" ಅಂದ್ರು. ಮುಂದಿನ ಎರಡೂ ಚಕ್ರದ ಪ್ಯಾಡ್ ಹೊಸದು ಹಾಕಿದ್ರು, ದುಡ್ಡು ತಗೊಂಡ್ರು. ಗೇಟ್ ದಾಟಿ ಮೊದಲ ಹಂಪ್‌ನಲ್ಲಿ ಬ್ರೇಕ್ ಒತ್ತಿದ್ರೆ ಮತ್ತೆ ಅದೇ ಕಥೆ. ಮೊದಲ ಸಲ ಕೆಳಗೆ, ಎರಡನೇ ಸಲಕ್ಕೆ ಹಿಡಿತ.

ಆಮೇಲೆ ಪಿಲ್ಲಗುಂಪೆ ಕಡೆಯ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರೂ "ಏನಪ್ಪಾ ಆಗಿದೆ?" ಅಂದ್ರು. ನಾನು "ಬ್ರೇಕ್ ಸ್ಲೋ ಅಣ್ಣ" ಅಂದೆ. ಅವರು ಸ್ಪಾನರ್ ಮುಟ್ಟಲಿಲ್ಲ. "ಸ್ಲೋ ಅಂದ್ರೆ ಹೆಂಗೆ? ಪೆಡಲ್ ಕೆಳಗೆ ಹೋಗ್ತದಾ, ಇಲ್ಲಾ ಕಲ್ಲಿನಂಗೆ ಗಟ್ಟಿ ಇದೆಯಾ? ಸ್ಪಂಜ್ ಥರ ಅನ್ಸುತ್ತಾ? ಎರಡನೇ ಸಲ ಒತ್ತಿದ್ರೆ ಮೇಲೆ ಬರ್ತದಾ? ಬೆಳಗ್ಗೆ ಹಿಂಗಾ, ಬಿಸಿ ಆದ್ಮೇಲೆ ಹಿಂಗಾ?" ಅಂತ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದ್ರು.

ಡಾಕ್ಟರ್ ಹತ್ತಿರ ಹೋಗಿ "ಹೊಟ್ಟೆನೋವು" ಅಂದ್ರೆ ಎಲ್ಲಿ, ಯಾವಾಗ, ಊಟಕ್ಕೆ ಮುಂಚೆನಾ ಆಮೇಲಾ ಅಂತ ಕೇಳ್ತಾರಲ್ಲ, ಹಾಗೆ. ಅವತ್ತು ನನಗೆ ಅರ್ಥ ಆಗಿದ್ದು ಇಷ್ಟು: "ಬ್ರೇಕ್ ಸ್ಲೋ" ಅನ್ನೋದು ಒಂದು ಕಾಯಿಲೆ ಅಲ್ಲ. ಐದಾರು ಬೇರೆ ಬೇರೆ ಕಾಯಿಲೆಗೆ ನಾವು ಇಟ್ಟಿರೋ ಒಂದೇ ಹೆಸರು. ಯಾವುದು ಅಂತ ಪೆಡಲ್ ಹೇಳುತ್ತೆ. ಅದನ್ನ ಕೇಳಿಸ್ಕೊಳ್ಳದೇ ಪಾರ್ಟ್ ಬದಲಾಯಿಸಿದ್ರೆ ದುಡ್ಡು ಹೋಗುತ್ತೆ, ಕಾಯಿಲೆ ಹಾಗೇ ಉಳಿಯುತ್ತೆ.

ಪೆಡಲ್‌ನಿಂದ ಚಕ್ರದ ತನಕ

ಒಂದೇ ನಿಮಿಷದಲ್ಲಿ ಹೇಳ್ತೀನಿ, ಬ್ರೇಕ್ ಹೇಗೆ ಕೆಲಸ ಮಾಡುತ್ತೆ ಅಂತ. ಹೈಸ್ಕೂಲಲ್ಲಿ ಪ್ಯಾಸ್ಕಲ್ ನಿಯಮ ಓದಿರ್ತೀರಿ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದ್ರೆ ಅದು ಎಲ್ಲಾ ಕಡೆಗೂ ಸಮವಾಗಿ ಹೋಗುತ್ತೆ. ಕಾರಿನ ಬ್ರೇಕ್ ಅಂದ್ರೆ ಇದೇ. ನೀವು ಪೆಡಲ್ ಒತ್ತಿದಾಗ ಬೂಸ್ಟರ್ ಅನ್ನೋ ದುಂಡನೆ ಡಬ್ಬಿ ಎಂಜಿನ್‌ನ ವ್ಯಾಕ್ಯೂಮ್ ಬಳಸಿ ನಿಮ್ಮ ಕಾಲಿನ ಬಲಕ್ಕೆ ಇನ್ನಷ್ಟು ಬಲ ಸೇರಿಸುತ್ತೆ. ಅದರ ಮುಂದೆ ಇರೋ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನ ಪೈಪಲ್ಲಿ ತಳ್ಳುತ್ತೆ. ಆ ಒತ್ತಡ ಮುಂದಿನ ಚಕ್ರದಲ್ಲಿ ಪ್ಯಾಡ್‌ಗಳನ್ನ ಡಿಸ್ಕಿಗೆ ಒತ್ತುತ್ತೆ. ಹಿಂದಿನ ಚಕ್ರದಲ್ಲಿ ಡ್ರಮ್ ಇದ್ರೆ ಒಳಗಿನ ಶೂಗಳನ್ನ, ನಮ್ಮೋರು ಲೈನರ್ ಅಂತಾರಲ್ಲ ಅದನ್ನ, ಹೊರಕ್ಕೆ ಒತ್ತುತ್ತೆ. ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್.

ಅಂದ್ರೆ ಪೆಡಲ್, ಬೂಸ್ಟರ್, ಮಾಸ್ಟರ್ ಸಿಲಿಂಡರ್, ಆಯಿಲ್, ಪೈಪ್, ಚಕ್ರ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಸಡಿಲ ಆದ್ರೂ ನಿಮಗೆ ಅನ್ನಿಸೋದು ಒಂದೇ, "ಬ್ರೇಕ್ ಲೇಟು". ಆದ್ರೆ ಪೆಡಲ್ ಮೇಲೆ ಕಾಲಿಗೆ ಅನ್ನಿಸೋದು ಮಾತ್ರ ಒಂದೊಂದಕ್ಕೂ ಬೇರೆ.

ಗಾಡಿ ನಿಲ್ಲಿಸಿ ಮಾಡೋ ಪರೀಕ್ಷೆ

ಇವನ್ನೆಲ್ಲಾ ಸಮತಟ್ಟಾದ ಜಾಗದಲ್ಲಿ, ಗಾಡಿ ನಿಂತಿರುವಾಗ ಮಾಡಿ. ಟೂಲ್ ಏನೂ ಬೇಡ, ನಿಮ್ಮ ಕಾಲು ಸಾಕು.

ಅದಕ್ಕೂ ಮುಂಚೆ ಪೆಡಲ್ ಕೆಳಗೆ ಬಗ್ಗಿ ನೋಡಿ. ನಗಬೇಡಿ. ಜಾರಿ ಬಂದಿರೋ ಫ್ಲೋರ್ ಮ್ಯಾಟು, ಸೀಟ್ ಕೆಳಗಿಂದ ಉರುಳಿ ಬಂದ ನೀರಿನ ಬಾಟ್ಲು, ಇವೂ ಬ್ರೇಕ್ ಹಿಡಿಯದ ಹಾಗೆ ಮಾಡುತ್ತವೆ. ಡ್ರೈವರ್ ಸೀಟಿನ ಅಕ್ಕಪಕ್ಕ ಬಾಟ್ಲು ಇಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ.

ಮೊದಲನೇ ಪರೀಕ್ಷೆ ಬೂಸ್ಟರ್‌ದು. ಎಂಜಿನ್ ಆಫ್ ಮಾಡಿ ಪೆಡಲನ್ನ ನಾಲ್ಕೈದು ಸಲ ಒತ್ತಿ ಬಿಡಿ. ಗಟ್ಟಿ ಆಗುತ್ತೆ. ಹಾಗೇ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದ್ರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಬರ್ತಿದೆ. ಇಳಿಯದೇ ಕಲ್ಲಿನ ಥರ ಹಾಗೇ ಇದ್ರೆ ತೊಂದರೆ ಅಲ್ಲಿದೆ. ವ್ಯಾಕ್ಯೂಮ್ ಪೈಪ್ ಒಡೆದಿರಬಹುದು, ಅದರಲ್ಲಿರೋ ವಾಲ್ವ್ ಹೋಗಿರಬಹುದು, ಬೂಸ್ಟರ್ ಒಳಗಿನ ರಬ್ಬರ್ ಹರಿದಿರಬಹುದು. ಡೀಸೆಲ್ ಗಾಡಿ ಆದ್ರೆ ವ್ಯಾಕ್ಯೂಮ್ ಪಂಪ್ ನೋಡಬೇಕು. ಡೀಸೆಲ್ ಎಂಜಿನ್ ಪೆಟ್ರೋಲ್ ಥರ ತಾನೇ ವ್ಯಾಕ್ಯೂಮ್ ಕೊಡಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತೆ. ಇಂಥ ಗಾಡಿಯಲ್ಲಿ ಬ್ರೇಕ್ ಇರುತ್ತೆ, ಆದ್ರೆ ಪೂರ್ತಿ ಬಲ ಹಾಕಿ ತುಳಿಯಬೇಕು. ಲೇಟು ಅನ್ನಿಸೋದು ಅದಕ್ಕೇ. ಮೊದಲು ಪೈಪ್ ನೋಡಿಸಿ. ಎಷ್ಟೋ ಸಲ ತೊಂದರೆ ಅಷ್ಟು ಸಣ್ಣದೇ ಆಗಿರುತ್ತೆ.

ಎರಡನೇ ಪರೀಕ್ಷೆ. ಎಂಜಿನ್ ಆನ್ ಇರಲಿ. ಪೆಡಲನ್ನ ಸಮನಾಗಿ ಒತ್ತಿ ಅರ್ಧ ನಿಮಿಷ ಹಿಡ್ಕೊಳ್ಳಿ. ಅದು ಇದ್ದಲ್ಲೇ ನಿಲ್ಲಬೇಕು. ಲಿಫ್ಟ್ ಇಳಿದ ಹಾಗೆ ನಿಧಾನವಾಗಿ ಕೆಳಗೆ ಹೋಗ್ತಾನೇ ಇದ್ರೆ ಒತ್ತಡ ಎಲ್ಲೋ ಸೋರ್ತಿದೆ. ಗಾಡಿ ಕೆಳಗೆ, ಚಕ್ರದ ಒಳಬದಿಯಲ್ಲಿ ಆಯಿಲ್ ಕಲೆ ಇದ್ರೆ ಹೊರಗಿನ ಲೀಕು. ಎಲ್ಲೂ ಕಲೆ ಇಲ್ಲ, ಡಬ್ಬಿಯಲ್ಲಿ ಆಯಿಲ್ ಕಮ್ಮಿ ಆಗ್ತಿಲ್ಲ, ಆದ್ರೂ ಪೆಡಲ್ ಇಳೀತಿದೆ ಅಂದ್ರೆ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಮೇಲೆ ಅನುಮಾನ. ಇದರಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಪೆಡಲ್ ಹೀಗೆ ಇಳಿಯೋ ಗಾಡಿಯನ್ನ ಓಡಿಸ್ಕೊಂಡು ಗ್ಯಾರೇಜಿಗೆ ಹೋಗಬೇಡಿ. ಮೆಕ್ಯಾನಿಕ್ಕನ್ನೇ ಕರೆಸಿ, ಇಲ್ಲಾ ಟೋ ಮಾಡಿಸಿ.

ಮೂರನೇದು, ಸ್ಪಂಜ್ ಪೆಡಲ್. ಒತ್ತಿದ್ರೆ ಮೆತ್ತಗೆ, ಗಾಳಿ ತುಂಬಿದ ಬಲೂನ್ ಒತ್ತಿದ ಹಾಗೆ. ಅದು ಗಾಳಿಯೇ. ಆಯಿಲ್ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪಲ್ಲಿ ಏರ್ ಸೇರಿದ್ರೆ ನಿಮ್ಮ ಬಲದಲ್ಲಿ ಒಂದು ಭಾಗ ಆ ಗಾಳಿಯನ್ನ ಕುಗ್ಗಿಸೋಕೇ ಖರ್ಚಾಗುತ್ತೆ. ಪರಿಹಾರ ಏರ್ ತೆಗೆಯೋದು, ಬ್ಲೀಡಿಂಗ್ ಅಂತಾರೆ. ಆದ್ರೆ ಗಾಳಿ ಎಲ್ಲಿಂದ ಒಳಗೆ ಬಂತು ಅಂತ ಕೇಳದೇ ಬರೀ ಏರ್ ತೆಗೆಸಿದ್ರೆ ಒಂದು ತಿಂಗಳಿಗೆ ಮತ್ತೆ ಬರ್ತೀರಿ.

ನಾಲ್ಕನೇದು ನನ್ನ ಗಾಡಿಯದು. ಮೊದಲ ಒತ್ತಿಗೆ ಪೆಡಲ್ ಆಳಕ್ಕೆ ಹೋಗುತ್ತೆ, ತಕ್ಷಣ ಎರಡನೇ ಸಲ ಒತ್ತಿದ್ರೆ ಮೇಲೇ ನಿಲ್ಲುತ್ತೆ. ಮೆಕ್ಯಾನಿಕ್ ಅಣ್ಣ ಸೀಟಲ್ಲಿ ಕೂತು ಎರಡು ಸಲ ಒತ್ತಿ ನೋಡಿದ್ರು. "ಎರಡನೇ ಸಲಕ್ಕೆ ಮೇಲೆ ಬಂತು, ಗಟ್ಟಿನೂ ಇದೆ. ಗಟ್ಟಿ ಇಲ್ದೇ ಮೆತ್ತಗಿದ್ದಿದ್ರೆ ಏರು ಅಂತಿದ್ದೆ. ಇದು ಹಿಂದಗಡೆ ಡ್ರಮ್ಮು" ಅಂದ್ರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದ್ರು. ಟಕ್ ಟಕ್ ಟಕ್ ಅಂತ ಮೇಲಕ್ಕೆ ಬರ್ತಾನೇ ಇತ್ತು, ಹಿಡಿಯೋದೇ ಇಲ್ಲ. "ಹ್ಯಾಂಡ್‌ಬ್ರೇಕ್ ಹಾಕೋದೇ ಇಲ್ವಾ ನೀನು?" ಅಂದ್ರು. ನಿಜ, ನಾನು ಯಾವಾಗ್ಲೂ ಗೇರಲ್ಲಿ ಹಾಕಿ ಇಳಿದುಬಿಡ್ತಿದ್ದೆ.

ಹಿಂದಿನ ಚಕ್ರ ಬಿಚ್ಚಿ ಡ್ರಮ್ ತೆಗೆದಾಗ ಕಾರಣ ಕಣ್ಣಿಗೇ ಕಾಣಿಸ್ತು. ಶೂ ಸವೆದ ಹಾಗೆ ಡ್ರಮ್‌ಗೂ ಶೂಗೂ ಮಧ್ಯೆ ಸಂದು ಜಾಸ್ತಿ ಆಗುತ್ತೆ. ಆ ಸಂದನ್ನ ತಾನೇ ಮುಚ್ಚೋಕೆ ಒಳಗೆ ಒಂದು ಹಲ್ಲಿನ ಅಡ್ಜಸ್ಟರ್ ಇರುತ್ತೆ. ಕೆಲವು ಕಾರಲ್ಲಿ ಅದು ಪೆಡಲ್ ಒತ್ತಿದಾಗ ಮುಂದೆ ಹೋಗುತ್ತೆ, ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟಾಗ. ನನ್ನ ಗಾಡೀಲಿ ಟಿಪ್ಪರ್ ಧೂಳು, ಮಳೆನೀರು, ತುಕ್ಕು ಸೇರಿ ಆ ಹಲ್ಲು ಜಾಮ್ ಆಗಿ ಕೂತಿತ್ತು. ಹಾಗಾಗಿ ಮೊದಲ ಒತ್ತು ಬರೀ ಆ ಸಂದನ್ನ ದಾಟೋಕೇ ಹೋಗ್ತಿತ್ತು. ಶೂ ಹಿಂದೆ ಹೋಗೋ ಮುಂಚೆ ಎರಡನೇ ಸಲ ಒತ್ತಿದ್ರೆ ಹಿಡೀತಿತ್ತು. ನಾನು ಹೊಸ ಪ್ಯಾಡ್ ಹಾಕ್ಸಿದ್ದು ಮುಂದೆ, ಕಾಯಿಲೆ ಇದ್ದಿದ್ದು ಹಿಂದೆ. ತೆಗೆದಿದ್ದ ಹಳೇ ಪ್ಯಾಡ್ ಡಿಕ್ಕಿಯಲ್ಲೇ ಇತ್ತು. ಅಣ್ಣ ಅದನ್ನ ನೋಡಿ, "ಇನ್ನೂ ಅರ್ಧ ಆಯಸ್ಸು ಇತ್ತಲ್ಲಪ್ಪಾ ಇದಕ್ಕೆ" ಅಂದ್ರು.

ಅಡ್ಜಸ್ಟರ್ ಬಿಚ್ಚಿ, ಕ್ಲೀನ್ ಮಾಡಿ, ಶೂ ಹೊಸದು ಹಾಕಿ, ಎರಡೂ ಕಡೆ ಸಮವಾಗಿ ಸೆಟ್ ಮಾಡಿದ್ರು. ಪ್ಯಾಡ್ ಆಗಲಿ ಶೂ ಆಗಲಿ, ಬದಲಾಯಿಸೋದಾದ್ರೆ ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು. ಒಂದೇ ಕಡೆ ಹಾಕಿದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ.

ಐದನೇದೂ ಅದೇ, ಎಳೆತ. ಹೊಸದೇನೂ ಹಾಕದೇ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆ ಎಳೀತಿದ್ರೆ ಒಂದು ಚಕ್ರ ಸರಿಯಾಗಿ ಕೆಲಸ ಮಾಡ್ತಿಲ್ಲ. ಕ್ಯಾಲಿಪರ್ ಪಿನ್ ಗ್ರೀಸ್ ಒಣಗಿ ಜಾಮ್ ಆಗಿರಬಹುದು. ಹಳೇ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಾಣಿಸಿದ್ರೂ ಒಳಗೆ ಊದಿ ದಾರಿ ಮುಚ್ಚಿರಬಹುದು. ಒಂದು ರೌಂಡ್ ಹೋಗಿ ಬಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ತುಂಬಾ ಬಿಸಿ ಇದ್ರೆ ಅಲ್ಲಿ ಬ್ರೇಕ್ ಬಿಡ್ತಿಲ್ಲ ಅಂತ ಅರ್ಥ.

ಇನ್ನು, ಗಾಡಿ ತೊಳೆದ ಮೇಲೆ ಅಥವಾ ನೀರು ನಿಂತಿರೋ ರಸ್ತೆ ದಾಟಿದ ಮೇಲೆ ಮೊದಲ ಒಂದೆರಡು ಬ್ರೇಕ್ ಸಪ್ಪೆ ಅನ್ನಿಸಿದ್ರೆ ಗಾಬರಿ ಬೇಡ. ಡಿಸ್ಕ್ ಮೇಲೆ, ಡ್ರಮ್ ಒಳಗೆ ನೀರು. ಹಿಂದೆ ಯಾರೂ ಇಲ್ಲದಾಗ ನಿಧಾನವಾಗಿ ಹೋಗ್ತಾ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ. ಹಾಗೇ, ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಗಡಗಡ ಅಂತ ಒದ್ದ ಹಾಗೆ ಆದ್ರೆ ಅದು ಎಬಿಎಸ್ ತನ್ನ ಕೆಲಸ ಮಾಡ್ತಿರೋದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲಾ ಅದು ಕಡ್ಡಾಯ. ಆಗ ಕಾಲು ಎತ್ತಬೇಡಿ, ಒತ್ತಿ ಹಿಡ್ಕೊಂಡೇ ಇರಿ.

ಯಾರೂ ಬದಲಾಯಿಸದ ಬ್ರೇಕ್ ಆಯಿಲ್

ಅಣ್ಣ ಡ್ರಮ್ ಮುಗಿಸಿ ಬಾನೆಟ್ ತೆಗೆದ್ರು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿ ನನ್ನ ಕರೆದು ತೋರಿಸಿದ್ರು. ಹೊಸ ಆಯಿಲ್ ತೆಳು ಹಳದಿ, ಜೇನಿನ ಬಣ್ಣ. ನನ್ನದು ಹಾಲು ಹಾಕದ ಕಾಫಿ ಡಿಕಾಕ್ಷನ್ ಥರ ಇತ್ತು. "ಯಾವಾಗ ಚೇಂಜ್ ಮಾಡ್ಸಿದ್ದು?" ಅಂದ್ರು. ನನಗೆ ಗೊತ್ತೇ ಇರಲಿಲ್ಲ, ಅದನ್ನ ಬದಲಾಯಿಸಬೇಕು ಅಂತ. ಎಂಜಿನ್ ಆಯಿಲ್ ಬಗ್ಗೆ ಎಲ್ಲರಿಗೂ ನೆನಪಿರುತ್ತೆ, ಬ್ರೇಕ್ ಆಯಿಲ್ ಬಗ್ಗೆ ಯಾರಿಗೂ ಇರಲ್ಲ.

ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ಕಾರುಗಳಿಗೆ ಹಾಕೋ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನ ಹೀರ್ಕೊಳ್ಳುತ್ತೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಡಬ್ಬಿ ನೆನೆಸ್ಕೊಳ್ಳಿ. ನೀರು ಸೇರಿದಷ್ಟೂ ಆಯಿಲ್ ಕಮ್ಮಿ ಬಿಸಿಗೇ ಕುದಿಯೋಕೆ ಶುರು ಮಾಡುತ್ತೆ. ಮಾನದಂಡದ ಪ್ರಕಾರ ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಡಾಟ್ 3ರಲ್ಲಿ 205ರಿಂದ 140ಕ್ಕೆ ಇಳಿಯುತ್ತೆ.

ಕುದಿದ್ರೆ ಏನಾಗುತ್ತೆ? ಆವಿಯ ಗುಳ್ಳೆ. ಆವಿನೂ ಗಾಳಿ ಥರಾನೇ ಕುಗ್ಗುತ್ತೆ. ಪೆಡಲ್ ತಳ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಪಿಲ್ಲಗುಂಪೆಯ ಸಮತಟ್ಟು ರಸ್ತೆಯಲ್ಲಿ ಅಷ್ಟು ಬಿಸಿ ಆಗಲ್ಲ. ಆದ್ರೆ ನಾವು ವೀಕೆಂಡ್‌ನಲ್ಲಿ ಎಲ್ಲಿಗೆ ಹೋಗ್ತೀವಿ? ಬೆಳಗಿನ ಜಾವ ಹೊಸಕೋಟೆ ಬಿರಿಯಾನಿ ಆದ್ರೆ ಪರವಾಗಿಲ್ಲ. ಸೂಲಿಬೆಲೆ, ವಿಜಯಪುರದ ಮೇಲೆ ಹೋಗಿ ನಂದಿಬೆಟ್ಟ ಹತ್ತಿದ್ರೆ? 1,478 ಮೀಟರ್ ಎತ್ತರದ ಬೆಟ್ಟ. ಇಳಿಯುವಾಗ ತಿರುವು ಮೇಲೆ ತಿರುವು, ಮುಂದೆ ಗಾಡಿಗಳ ಸಾಲು, ಕಾಲು ಬ್ರೇಕ್ ಮೇಲೇ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲೂ ಅದೇ. ಅಲ್ಲಿ ಹಳೇ ಆಯಿಲ್ ಕೈ ಕೊಡುತ್ತೆ.

ಇಳಿಜಾರಿನಲ್ಲಿ ಇನ್ನೊಂದು ಥರ ಬ್ರೇಕ್ ಸೋಲುತ್ತೆ. ಪ್ಯಾಡ್ ಅತಿಯಾಗಿ ಕಾದು ಸುಟ್ಟ ವಾಸನೆ ಬರುತ್ತೆ, ಪೆಡಲ್ ಗಟ್ಟಿ ಇರುತ್ತೆ, ಆದ್ರೂ ಹಿಡಿತ ಇರಲ್ಲ. ಎರಡಕ್ಕೂ ಮದ್ದು ಒಂದೇ. ಹತ್ತೋಕೆ ಯಾವ ಗೇರ್ ಬೇಕಾಯ್ತೋ ಇಳಿಯೋಕೂ ಅದೇ ಗೇರ್. ಎರಡನೇ ಗೇರಲ್ಲಿ ಎಂಜಿನ್ನೇ ಗಾಡಿಯನ್ನ ಹಿಡಿದಿಟ್ಟುಕೊಳ್ಳುತ್ತೆ. ಸುಟ್ಟ ವಾಸನೆ ಬಂದ್ರೆ ಸೈಡಿಗೆ ಹಾಕಿ ಆರೋಕೆ ಬಿಡಿ, ನೀರು ಎರಚಬೇಡಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಹಾಕಿ ಎಂಜಿನ್ ಆಫ್ ಮಾಡಿ ಇಳಿಯೋರಿದ್ದಾರೆ. ದಯವಿಟ್ಟು ಬೇಡ. ಎಂಜಿನ್ ಆಫ್ ಆದ್ರೆ ಬೂಸ್ಟರ್‌ನಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಖಾಲಿ. ಆಮೇಲೆ ಪೆಡಲ್ ಕಲ್ಲು, ಸ್ಟೀರಿಂಗ್ ಭಾರ.

ಆಯಿಲ್ ಎಷ್ಟು ದಿನಕ್ಕೆ ಬದಲಾಯಿಸಬೇಕು ಅಂತ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ. ಗಾಡಿ ಓಡದೇ ನಿಂತಿದ್ರೂ ಎರಡು ವರ್ಷ ಎರಡು ವರ್ಷವೇ, ತೇವಕ್ಕೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತೆ, ಅದನ್ನೇ ಹಾಕಿಸಿ. ಸೀಲ್ ಒಡೆಯದ ಹೊಸ ಡಬ್ಬಿ ನಿಮ್ಮ ಕಣ್ಣೆದುರಿಗೇ ತೆಗೆಸಿ. ಡಾಟ್ 5 ಅಂತ ಇರೋದು ಸಿಲಿಕೋನ್ ಆಯಿಲ್, ಅದನ್ನ ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೀಳಬಾರದು, ಒಳಗಿನ ರಬ್ಬರ್ ಸೀಲ್ ಎಲ್ಲಾ ಊದಿ ಹಾಳಾಗುತ್ತೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರಲ್ಲಿ ತೊಳೆಯಿರಿ, ಇಲ್ಲಾಂದ್ರೆ ಬಣ್ಣ ಕಿತ್ಕೊಂಡು ಬರುತ್ತೆ.

ಲೆವೆಲ್ ಕಮ್ಮಿ ಆಗಿದೆ ಅಂತ ಸುಮ್ಮನೆ ಟಾಪ್‌ಅಪ್ ಮಾಡಿ ಮರೆಯಬೇಡಿ. ಆಯಿಲ್ ತಾನಾಗೇ ಆವಿಯಾಗಿ ಹೋಗಲ್ಲ. ಒಂದೋ ಎಲ್ಲೋ ಸೋರ್ತಿದೆ, ಇಲ್ಲಾ ಪ್ಯಾಡ್ ಸವೆದಿದೆ. ಪ್ಯಾಡ್ ತೆಳುವಾದಷ್ಟೂ ಕ್ಯಾಲಿಪರ್ ಒಳಗೆ ಆಯಿಲ್ ಜಾಸ್ತಿ ಹೋಗಿ ಕೂತ್ಕೊಳ್ಳುತ್ತೆ, ಡಬ್ಬಿಯಲ್ಲಿ ಕಮ್ಮಿ ಆಗುತ್ತೆ. ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಡ್ಯಾಶ್‌ಬೋರ್ಡಲ್ಲಿ ಕೆಂಪು ಬ್ರೇಕ್ ಲೈಟ್ ಆರದಿದ್ರೆ ಅದು ಇದನ್ನೇ ಹೇಳ್ತಿರೋದು.

ವಿಡಿಯೋ ನೋಡಿ ಮನೇಲೇ ಮಾಡೋರಿಗೆ

ನಮ್ಮಲ್ಲಿ ಫೋನ್ ನೋಡಿ ಎಲ್ಲಾ ಕಲಿಯೋ ಹುಮ್ಮಸ್ಸಿದೆ, ಒಳ್ಳೇದೇ. ಏರ್ ತೆಗೆಯೋಕೂ ಸಾವಿರ ವಿಡಿಯೋ ಇವೆ. ಒಂದು ಎಚ್ಚರ. ಅಮೆರಿಕದ ವಿಡಿಯೋಗಳಲ್ಲಿ "ಹಿಂದಿನ ಬಲ ಚಕ್ರದಿಂದ ಶುರು ಮಾಡಿ" ಅಂತಾರೆ. ಯಾಕಂದ್ರೆ ಅಲ್ಲಿ ಸ್ಟೀರಿಂಗ್ ಎಡಕ್ಕೆ, ಮಾಸ್ಟರ್ ಸಿಲಿಂಡರೂ ಎಡಕ್ಕೆ, ದೂರದ ಚಕ್ರ ಹಿಂದಿನ ಬಲಗಡೆದು. ದೂರದ ಚಕ್ರದಿಂದ ಶುರು ಮಾಡೋದು ಹಳೇ ಪದ್ಧತಿ. ನಮ್ಮ ಕಾರಲ್ಲಿ ಸ್ಟೀರಿಂಗ್ ಬಲಕ್ಕೆ, ಹಾಗಾಗಿ ದೂರದ ಚಕ್ರ ಹಿಂದಿನ ಎಡಗಡೆದು. ಎಷ್ಟೋ ಕಾರಲ್ಲಿ ಬ್ರೇಕ್ ಲೈನ್ ಎರಡು ಭಾಗ ಆಗಿ ಅಡ್ಡಡ್ಡ ಹೋಗಿರುತ್ತೆ, ಮುಂದಿನ ಎಡಕ್ಕೆ ಹಿಂದಿನ ಬಲ ಜೋಡಿ. ಅಲ್ಲಿ ಕಂಪನಿ ಹೇಳೋ ಕ್ರಮ ಬೇರೆ ಇರಬಹುದು. ಎಬಿಎಸ್ ಒಳಗೆ ಏರ್ ಸೇರಿದ್ರೆ ಕೆಲವು ಕಾರಿಗೆ ಸ್ಕ್ಯಾನರ್ ಬೇಕೇ ಬೇಕು. ವಿಡಿಯೋ ಯಾವ ಕಾರಿಂದು ಅಂತ ನೋಡಿ, ನಿಮ್ಮ ಮ್ಯಾನ್ಯುಯಲ್ ಜೊತೆ ಹೋಲಿಸಿ.

ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ. ಡ್ರಮ್ ಒಳಗಿನ ಧೂಳನ್ನ ಬಾಯಲ್ಲಿ ಊದಬೇಡಿ, ಶ್ವಾಸಕೋಶಕ್ಕೆ ಒಳ್ಳೇದಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಪರೀಕ್ಷೆ ನೀವು ಮಾಡಿ, ರಿಪೇರಿ ಕೈ ಪಳಗಿದವರಿಗೆ ಬಿಡಿ. ಮ್ಯೂಸಿಕ್ ಸಿಸ್ಟಮ್ ತಪ್ಪು ಜೋಡಿಸಿದ್ರೆ ಹಾಡು ಬರಲ್ಲ ಅಷ್ಟೇ. ಬ್ರೇಕ್ ಹಾಗಲ್ಲ.

ಫೋನ್ ಇನ್ನೊಂದು ಥರ ಉಪಯೋಗಕ್ಕೆ ಬರುತ್ತೆ. ಬ್ರೇಕ್ ಆಯಿಲ್ ಡಬ್ಬಿಯ ಮಿನ್, ಮ್ಯಾಕ್ಸ್ ಗೆರೆ ಕಾಣೋ ಹಾಗೆ ಪ್ರತಿ ತಿಂಗಳು ಒಂದು ಫೋಟೋ ತೆಗೀರಿ. ಅಲಾಯ್ ವೀಲ್ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ನೋಡಿ, 3 ಮಿಲಿಮೀಟರ್‌ಗಿಂತ ತೆಳು ಅನ್ನಿಸಿದ್ರೆ ಬದಲಾಯಿಸೋ ಟೈಮ್ ಬಂದಿದೆ. ಆಯಿಲ್ ಬದಲಾಯಿಸಿದ ದಿನಾಂಕಕ್ಕೆ ಎರಡು ವರ್ಷದ ರಿಮೈಂಡರ್ ಹಾಕಿ. ಗ್ಯಾರೇಜಿಗೆ ಹೋದಾಗ "ಬ್ರೇಕ್ ಸ್ಲೋ" ಅನ್ನಬೇಡಿ. "ಮೊದಲ ಸಲ ಕೆಳಗೆ ಹೋಗುತ್ತೆ, ಎರಡನೇ ಸಲ ಗಟ್ಟಿ ಬರುತ್ತೆ, ಬೆಳಗ್ಗೆ ಸಂಜೆ ಒಂದೇ ಥರ" ಅನ್ನಿ. ಆ ಒಂದು ವಾಕ್ಯ ನಿಮ್ಮ ಬಿಲ್ ಕಮ್ಮಿ ಮಾಡುತ್ತೆ. ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ.

ಓಡ್ತಿರುವಾಗಲೇ ಬ್ರೇಕ್ ಹೋದ್ರೆ?

ಇದನ್ನ ಕೇಳಿ ಮನಸ್ಸಲ್ಲಿ ಇಟ್ಕೊಳ್ಳಿ. ಪೆಡಲನ್ನ ಬೇಗ ಬೇಗ ಒತ್ತಿ ಬಿಡಿ, ಒತ್ತಡ ವಾಪಸ್ ಬರಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಲಿ, ಒಂದೊಂದೇ ಗೇರ್ ಇಳಿಸಿ. ಆಟೊಮ್ಯಾಟಿಕ್ ಆದ್ರೆ ಲೋ ಅಥವಾ ಮ್ಯಾನ್ಯುಯಲ್ ಮೋಡ್. ಹ್ಯಾಂಡ್‌ಬ್ರೇಕನ್ನ ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಂದೇ ಸಲ ಪೂರ್ತಿ ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ. ಹಾರ್ನ್ ಮತ್ತು ಹಜಾರ್ಡ್ ಲೈಟ್ ಹಾಕಿ. ಎಂಜಿನ್ ಆಫ್ ಮಾಡಬೇಡಿ, ಕೀ ತೆಗೆಯಬೇಡಿ. ಮುಂದೆ ಒಂದು ಕಂಟೇನರ್, ಹಿಂದೆ ಒಂದು ಕಂಟೇನರ್ ಇರೋ ನಮ್ಮ ಇಂಡಸ್ಟ್ರಿಯಲ್ ರಸ್ತೆಗಳಲ್ಲಿ ಯಾವಾಗ್ಲೂ ಜಾಗ ಬಿಟ್ಟು ಓಡಿಸಿ. ಲಾರಿಯದು ಏರ್ ಬ್ರೇಕ್. ಗಾಳಿ ಪೈಪಲ್ಲಿ ಹೋಗಿ ಚಕ್ರ ಹಿಡಿಯೋಕೆ ಕಾರಿನ ಆಯಿಲ್ ಬ್ರೇಕಿಗಿಂತ ಟೈಮ್ ಬೇಕು, ಮೇಲೆ ಲೋಡು ಬೇರೆ. ನೀವು ಸಡನ್ನಾಗಿ ನಿಂತ್ರೆ ಅವರು ನಿಲ್ಲೋಕಾಗಲ್ಲ.

ಮುಗಿಸ್ತೀನಿ. ರಿಪೇರಿ ಆದ ಮೇಲೆ ಅಣ್ಣ ನನ್ನ ಪಕ್ಕ ಕೂತು, ಖಾಲಿ ಜಾಗದಲ್ಲಿ 20ರ ಸ್ಪೀಡಲ್ಲಿ ಬ್ರೇಕ್ ಹಾಕಿಸಿದ್ರು. ಒಂದೇ ಒತ್ತು, ಗಾಡಿ ನಿಂತಿತು. ಎರಡು ತಿಂಗಳಲ್ಲಿ ನಾನು ಮರೆತೇ ಬಿಟ್ಟಿದ್ದೆ, ಬ್ರೇಕ್ ಅಂದ್ರೆ ಹೀಗಿರುತ್ತೆ ಅಂತ. ನಿಧಾನವಾಗಿ ಕೆಡೋ ವಸ್ತುವಿನ ಅಪಾಯವೇ ಇದು. ಅದು ದಿನಾ ಒಂಚೂರು ಕೆಡುತ್ತೆ, ನಾವೂ ದಿನಾ ಒಂಚೂರು ಒಗ್ಗಿಕೊಳ್ತೀವಿ. ರಸ್ತೆ ದಾಟೋರಿಗೆ ಆ ಲೆಕ್ಕ ಗೊತ್ತಿರಲ್ಲ.

ಈಗಲೂ ಸಂಜೆ ಹೊತ್ತು ಆ ರಸ್ತೆಯಲ್ಲಿ ಹೋಗುವಾಗ, ನಿಂತ ಬಸ್ ಕಂಡ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಬರುತ್ತೆ. ಆ ಅಮ್ಮ ಮತ್ತೆ ಸಿಕ್ಕಿಲ್ಲ. ಸಿಕ್ಕಿ ಅದೇ ಪ್ರಶ್ನೆ ಕೇಳಿದ್ರೆ ಈಗ ಸುಳ್ಳು ಹೇಳಬೇಕಾಗಿಲ್ಲ.

ನಾಳೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಎರಡು ನಿಮಿಷ ಕೊಟ್ಟು ಪೆಡಲ್ ಒತ್ತಿ ನೋಡಿ. ಮನೇಲಿ ಅಪ್ಪನದೋ ಅಣ್ಣನದೋ ಗಾಡಿ ಇದ್ರೆ ಅದನ್ನೂ ನೋಡಿ. ಹುಷಾರಾಗಿ ಓಡಿಸಿ.